ದುಂಡಗಿದೆಯೇ ಎಂದು ಅಪ್ಪ ಕೇಳಿದಾಗ

ನಮ್ಮ ಮನೆಯಲ್ಲಿ ಒಳ್ಳೆಯ ಕಿಟಕಿ ಅಂತ ಇದ್ದದ್ದು ಒಂದೇ, ಅದೂ ಮಗ್ಗಕ್ಕೆ ಮೀಸಲು. ಮನುಷ್ಯರಿಗೆ ಬೆಳಕು ಬೇಕಾದರೆ ಬೀದಿಗೆ ಹೋಗಿ ಕೂರಬೇಕಿತ್ತು. ಪೊಳ್ಳಾಚಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಊರು; ಅಲ್ಲಿ ನೇಕಾರರದೊಂದು ಬೀದಿ; ಆ ಬೀದಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತ ಮನೆಗಳಲ್ಲಿ ನಮ್ಮದೂ ಒಂದು. ಬಾಗಿಲು ದಾಟಿದರೆ ನೇರ ಮಗ್ಗದ ಕೋಣೆ. ನೆಲದಲ್ಲಿ ಗುಂಡಿ, ಗುಂಡಿಯೊಳಗೆ ಅಪ್ಪನ ಕಾಲು, ಗುಂಡಿಯ ಅಂಚಿನ ಮೇಲೆ ಅಪ್ಪ. ಉಳಿದ ಜಾಗದಲ್ಲಿ ನಾವು ಮೂವರು ಹೆಂಗಸರು: ಅಪ್ಪನ ತಾಯಿ ಅಜ್ಜಿ, ಅವ್ವ ಮತ್ತು ನಾನು. ಮಲಗುವುದು ಮಗ್ಗದ ಪಕ್ಕ, ಉಣ್ಣುವುದು ಮಗ್ಗದ ಪಕ್ಕ, ಜಗಳವಾಡುವುದಂತೂ ಮಗ್ಗದ ಸದ್ದನ್ನು ಮೀರಿಸಿ. ಶನಿವಾರ ಅಕ್ಕಿ-ಬೇಳೆ ಒಟ್ಟಿಗೆ ಬೇಯಿಸಿ ಮೇಲೆ ತುಪ್ಪ ಬಿಡುತ್ತಿದ್ದರು. ಉಳಿದ ದಿನ ಕಡೆದ ಹುರುಳಿ, ಅನ್ನ, ಮಜ್ಜಿಗೆ. ಅಪ್ಪ ಉಣ್ಣಲು ಎದ್ದಾಗ ಮನೆ ಇದ್ದಕ್ಕಿದ್ದಂತೆ ಮೌನವಾಗುತ್ತಿತ್ತು. ಆ ಮೌನಕ್ಕೆ ನನಗೆ ಈಗಲೂ ಹಸಿವಾಗುತ್ತದೆ.

ಹೊಸ್ತಿಲ ಆಚೆ ತಮಿಳು, ಈಚೆ ಕನ್ನಡ. ಈಚೆಯದು ಎಂಥ ಕನ್ನಡ ಎಂದರೆ, ಮಗ್ಗಕ್ಕೆ ತರಿ ಎನ್ನುತ್ತಿದ್ದೆವು, ಹಾಸುನೂಲಿಗೆ ಪಾವು, ದುಂಡಗಿರುವುದಕ್ಕೆ ವಟ್ಟ, ಕಾಣುವುದಕ್ಕೂ ತಿಳಿಯುವುದಕ್ಕೂ ತೆರಿಯುವುದು; ಹಿರಿಯರೊಡನೆ ಆಡುವ ಮಾತಿನ ಬಾಲಕ್ಕೆ ಮರ್ಯಾದೆಗೊಂದು ‘ಅಂಗ’. ಮೈಸೂರಿನಿಂದ ಬಂದ ಒಬ್ಬ ನೆಂಟರು ನಮ್ಮ ಮಾತು ಕೇಳಿ ಊಟ ಮುಗಿಯುವವರೆಗೂ ನಕ್ಕಿದ್ದರು. ಅಜ್ಜಿ ಅವರಿಗೆ ಎರಡನೇ ಸಲ ತುಪ್ಪ ಬಡಿಸಲಿಲ್ಲ. ಮನೆಯಲ್ಲಿ ಯಾರಿಗೂ ಈ ಲಿಪಿ ಓದಲು ಬರುತ್ತಿರಲಿಲ್ಲ. ನಾನು ಇದನ್ನು ಕಲಿತದ್ದು ಮೂವತ್ತು ದಾಟಿದ ಮೇಲೆ, ಹಟಕ್ಕೆ ಬಿದ್ದು. ಹಾಗಾಗಿ ಅಪ್ಪನ ಬಗ್ಗೆ ಬರೆಯುವುದನ್ನು ಅಪ್ಪನಿಗೆ ಬಾರದ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಕಾಸುಬುಟ್ಟದ ಸೀರೆಗೆ ಹೆಸರಾಗಿದ್ದವರು. ಸೀರೆಯ ಮೈತುಂಬ ಹಳೆಯ ಕಾಸಿನಷ್ಟು ದೊಡ್ಡ ದುಂಡು ಚುಕ್ಕೆಗಳು. ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆಯಲ್ಲಿ ತೂತು ಕೊರೆದ ರಟ್ಟುಗಳಿರುತ್ತವೆ, ಬುಟ್ಟ ತಾನಾಗಿ ಬೀಳುತ್ತದೆ, ನೇಯುವವನದ್ದೇನು ದೊಡ್ಡಸ್ತಿಕೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಪೆಟ್ಟಿಗೆಗೆ ಗೊತ್ತಿರುವುದು ಎಷ್ಟು ಎಳೆ ಎಂಬುದು ಮಾತ್ರ. ಪ್ರತಿ ಎಳೆಯನ್ನೂ ಹಲಗೆಯಿಂದ ಬಡಿದು ಕೂರಿಸುವವನು ನೇಕಾರ. ಜೋರಾಗಿ ಬಡಿದರೆ ಎಳೆಗಳು ಒತ್ತಾಗಿ ಕಾಸು ಚಪ್ಪಟೆಯಾಗುತ್ತದೆ. ಮೆತ್ತಗೆ ಬಡಿದರೆ ಸಡಿಲವಾಗಿ ಉದ್ದವಾಗುತ್ತದೆ. ಎರಡರ ನಡುವೆ ಒಂದು ಹದ. ಆ ಹದ ಕೈಯಲ್ಲಿಲ್ಲ, ಕಣ್ಣಿನಲ್ಲಿದೆ. ಆದರೆ ನೇಕಾರ ಕುಳಿತಲ್ಲಿಂದ ಬಟ್ಟೆ ಎದುರಿಗೆ ನೆಟ್ಟಗೆ ನಿಂತಿರುವುದಿಲ್ಲ, ಅವನಿಂದ ಆಚೆಗೆ ಮಲಗಿರುತ್ತದೆ. ಓರೆಯಿಂದ ನೋಡಿದ ಕಾಸು ಕಣ್ಣಿಗೆ ಬೀಳುವುದು ಚಪ್ಪಟೆಯಾಗಿಯೇ. ಬಟ್ಟೆ ಎಷ್ಟು ಓರೆಯಾಗಿದೆ ಎಂದು ಮನಸ್ಸು ನಮಗೆ ತಿಳಿಯದಂತೆ ಅಳೆದುಕೊಂಡು, ಚಪ್ಪಟೆಯನ್ನು ತಿದ್ದಿ, ದುಂಡಗಿದೆ ಎಂದು ನಮಗೆ ಹೇಳುತ್ತದೆ. ಅಪ್ಪನ ಮನಸ್ಸು ಆ ತೀರ್ಪನ್ನು ಕೂದಲೆಳೆಯಷ್ಟೂ ತಪ್ಪದೆ ಕೊಡುತ್ತಿತ್ತು. ಇದೆಲ್ಲ ನನಗೆ ಅರ್ಥವಾದದ್ದು ಡ್ರಾಯಿಂಗ್ ಟೀಚರಾದ ಮೇಲೆ. ಆಗ ಅಪ್ಪ ಸುಮ್ಮನೆ ನೋಡುತ್ತಿದ್ದರು, ಕಾಸು ದುಂಡಗೆ ಬರುತ್ತಿತ್ತು, ಅಷ್ಟೇ.

ನನಗೆ ಹನ್ನೆರಡು ತುಂಬಿದ ವರ್ಷ ಶಾಲೆಗೆ ಹೊಸ ಡ್ರಾಯಿಂಗ್ ಮೇಷ್ಟ್ರು ಬಂದರು. ಒಂದು ಸ್ಟೂಲಿನ ಮೇಲೆ ಊಟದ ತಟ್ಟೆ ಇಟ್ಟು, ಗೊತ್ತಿರುವುದನ್ನು ಬರೆಯಬೇಡಿ, ಕಂಡದ್ದನ್ನು ಬರೆಯಿರಿ ಎಂದರು. ತರಗತಿಯೆಲ್ಲ ತಟ್ಟೆಯನ್ನು ದುಂಡಗೆ ಬರೆದರೆ ನಾನೊಬ್ಬಳು ಮೊಟ್ಟೆಯಂತೆ ಚಪ್ಪಟೆಯಾಗಿ ಬರೆದೆ. ಮೇಷ್ಟ್ರು ಅದನ್ನು ಎಲ್ಲರಿಗೂ ಎತ್ತಿ ತೋರಿಸಿದರು. ಜಂಬದಿಂದ ಮನೆಗೆ ತಂದು ಅಪ್ಪನಿಗೆ ಕೊಟ್ಟೆ. ಅಪ್ಪನಿಗೆ ಸಿಟ್ಟು ಬಂತು. ಕಾಸುಬುಟ್ಟದವನ ಮಗಳು ತಟ್ಟೆಯನ್ನು ಮೊಟ್ಟೆ ಮಾಡಿ ತಂದರೆ ಬೀದಿಯವರು ಏನೆಂದಾರು ಎಂಬಂತಿತ್ತು ಅವರ ಮುಖ. ಒಳಗಿನಿಂದ ತಟ್ಟೆ ತಂದು ನನ್ನ ಮೂಗಿನ ಎದುರು ನೆಟ್ಟಗೆ ಹಿಡಿದು, ಇದು ಏನು, ಇದು ಏನು ಎಂದು ಎರಡು ಸಲ ಕೇಳಿದರು. ನಾನೂ ಬಿಡುವವಳಲ್ಲ. ತಟ್ಟೆ ಕಿತ್ತುಕೊಂಡು ನೆಲದ ಮೇಲಿಟ್ಟು, ಮೇಷ್ಟ್ರು ಕಲಿಸಿದಂತೆ ಕೈಗೆ ಪೆನ್ಸಿಲ್ ಕೊಟ್ಟು, ಒಂದು ಕಣ್ಣು ಮುಚ್ಚಿ ಅಳೆದು ನೋಡಪ್ಪ, ಆಗ ಗೊತ್ತಾಗುತ್ತದೆ ಎಂದೆ. ಅಪ್ಪ ಗೊಣಗುತ್ತ ಬಲಗಣ್ಣು ಮುಚ್ಚಿದರು.

ಪೆನ್ಸಿಲ್ ಹಿಡಿದ ಕೈ ಚಾಚಿದಂತೆಯೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಎರಡೂ ಕಣ್ಣು ತೆರೆದು, ಸರಿ ಅಮ್ಮಣಿ, ನೀನು ಬರೆದದ್ದೇ ಸರಿ ಇರಬೇಕು, ಹೋಗು ಎಂದರು. ನಾನು ಗೆದ್ದೆ ಎಂದುಕೊಂಡು ಕುಣಿಯುತ್ತ ಹೋದೆ. ಎಡಗಣ್ಣಿಗೆ ತಟ್ಟೆಯೇ ಕಾಣುತ್ತಿಲ್ಲ ಎಂದು ಅವರಿಗೆ ತಿಳಿದದ್ದು ಆ ಕ್ಷಣದಲ್ಲಿ.

ಅದೇ ದಿನಗಳಲ್ಲಿ ಮನೆಯಲ್ಲಿ ಸಣ್ಣ ಸಣ್ಣ ಜಗಳಗಳು ಶುರುವಾದವು. ಅಪ್ಪ ಮಜ್ಜಿಗೆ ಬಗ್ಗಿಸಿದರೆ ಲೋಟದ ಪಕ್ಕ ಬೀಳುತ್ತಿತ್ತು. ಮನಸ್ಸು ಎಲ್ಲಿ ಮೇಯಲು ಹೋಗಿದೆ ಎಂದು ಅವ್ವ ನೆಲ ಒರೆಸುತ್ತ ಬೈಯುತ್ತಿದ್ದಳು. ತುಂಡಾದ ಎಳೆ ಸೇರಿಸಲು ಹೋದ ಬೆರಳು ಒಂದು ಅಂಗುಲ ಈಚೆಯೇ ಗಾಳಿಯನ್ನು ಹಿಡಿಯುತ್ತಿತ್ತು. ಸೀರೆ ಒಯ್ಯುವ ವ್ಯಾಪಾರಿ ಮಡಿಕೆ ಬಿಚ್ಚಿ, ಈ ಸಲ ಕಾಸು ಯಾಕೋ ಎಳೆದ ಹಾಗಿದೆಯಲ್ಲ ಎಂದ. ಅಪ್ಪ ನೂಲಿನ ಮೇಲೆ ಹಾಕಿದರು, ಮುಂದಿನ ಸಲ ಗಂಜಿಯ ಮೇಲೆ, ಅದರ ಮುಂದಿನ ಸಲ ತೇವದ ಗಾಳಿಯ ಮೇಲೆ. ಅಜ್ಜಿ ಬಾಗಿಲ ಬಳಿ ಕುಳಿತು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಿಗೋ ಹೇಳಿದಂತೆ ಹೇಳಿದಳು. ಮಗನ ಮೇಲೆ ಆಕೆಗೆ ಪ್ರಾಣ, ಆದರೂ ನಾಲಿಗೆ ಬೇರೆಯೇ ಲೆಕ್ಕದ್ದು.

ನನಗೆ ಮಾತ್ರ ಆ ಉದ್ದ ಕಾಸುಗಳು ಎಲ್ಲೋ ನೋಡಿದಂತೆ ಕಾಣುತ್ತಿದ್ದವು. ಒಂದು ಮಧ್ಯಾಹ್ನ ಅಪ್ಪ ಎದ್ದುಹೋದಾಗ ಅವರ ಜಾಗದಲ್ಲಿ ಕುಳಿತು, ಎರಡೂ ಕಣ್ಣಿನಿಂದ ನೋಡಿದೆ. ಕಾಸು ಉದ್ದವೆಂದು ಕೂಡಲೇ ಗೊತ್ತಾಯಿತು. ಎಡಗಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ ತುಂಬ ಹೊತ್ತು ನೋಡಿದೆ. ನಿಧಾನವಾಗಿ ಬಟ್ಟೆಯ ಓರೆ ಮಾಯವಾಯಿತು, ಉದ್ದ ಕಾಸು ದುಂಡಗೆ ಕಾಣತೊಡಗಿತು. ಹಾಗಾದರೆ ಅಪ್ಪನ ಒಂಟಿ ಕಣ್ಣಿಗೆ ಸರಿಯಾದ ಕಾಸು ಚಪ್ಪಟೆಯಾಗಿ ಕಂಡಿದೆ. ಅಪ್ಪ ಅದನ್ನು ದುಂಡಗೆ ಮಾಡಲು ಮೆತ್ತಗೆ ಬಡಿದಿದ್ದಾರೆ. ನಾನು ತಟ್ಟೆಯನ್ನು ಕಂಡಂತೆ ಅಪ್ಪ ಕಾಸನ್ನು ಕಾಣುತ್ತಿದ್ದಾರೆ ಎಂದು ತಿಳಿದಾಗ ನನಗೆ ಹೆಮ್ಮೆಯಾಗಲಿಲ್ಲ, ಹೆದರಿಕೆಯಾಯಿತು.

ಸಂಜೆ ಅಪ್ಪನನ್ನು ನೇರವಾಗಿ ಕೇಳಿದೆ. ಅವರು ಲಾಳಿ ಕೆಳಗಿಟ್ಟು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಅವ್ವನಿಗೆ ಹೇಳ್ಬೇಡ ಅಮ್ಮಣಿ. ಅಜ್ಜಿಗಂತೂ ಹೇಳ್ಬೇಡ. ಕಣ್ಣಿಲ್ಲ ಅಂತ ತೆರಿಂದ್ರೆ ನಂಗೆ ಯಾರು ಬುಟ್ಟದ ಪಾವು ಕೊಡ್ತಾರೆ? ಈ ವರ್ಷ ಚೌಡಮ್ಮನ ಸೀರೆ ಬೇರೆ ನಮ್ದು.”

ಚೌಡಮ್ಮ ನಮ್ಮ ಕುಲದ ದೇವತೆ, ಬೀದಿಗೆಲ್ಲ ಅಮ್ಮ. ವರ್ಷಕ್ಕೊಂದು ಸೀರೆ, ಬೀದಿಯ ಮನೆಗಳಿಗೆಲ್ಲ ಸರದಿಯ ಮೇಲೆ. ಹಿಂದಿನ ಸಲ ನಮ್ಮ ಸರದಿ ಬಂದಾಗ ಅಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲ, ನೇಯ್ದವರು ತಾತ. ಮುಂದಿನ ಸರದಿಗೆ ಅಪ್ಪ ಮುದುಕರಾಗಿರುತ್ತಾರೆ, ಇದ್ದರೆ. ಆ ಸೀರೆಗೆ ನಮ್ಮ ಬೀದಿಯಲ್ಲಿ ಎರಡು ಕಟ್ಟಳೆಗಳಿದ್ದವು. ಅಮ್ಮನಿಗೆಂದು ಹೂಡಿದ ಹಾಸಿನಲ್ಲಿ ನೇಯ್ದದ್ದನ್ನು ಬಿಚ್ಚುವಂತಿಲ್ಲ. ತಪ್ಪಿದರೆ ತಪ್ಪು ಹಾಗೆಯೇ ಇರಬೇಕು. ಮತ್ತೆ, ನೇಯುವಾಗ ಆ ಬಟ್ಟೆಯ ಮೇಲೆ ಅಳತೆಗೆಂದು ಏನನ್ನೂ ಇಡುವಂತಿಲ್ಲ. ಕೋಲಿಲ್ಲ, ದಾರವಿಲ್ಲ, ಕಣ್ಣು ಮತ್ತು ಕೈ ಮಾತ್ರ. ಬೇರೆ ಸೀರೆಗಳಿಗೆ ನಾವಿಬ್ಬರೂ ಸೇರಿ ಒಂದು ಉಪಾಯ ಹೂಡಿದ್ದೆವು: ನನ್ನ ಹಳೆಯ ಪುಟ್ಟ ಬಳೆಯೊಂದನ್ನು ಬುಟ್ಟದ ಪಕ್ಕ ಮಲಗಿಸಿದರೆ, ಎರಡೂ ಒಂದೇ ಓರೆಯಲ್ಲಿರುವುದರಿಂದ, ಒಂಟಿ ಕಣ್ಣಿಗೂ ಹೋಲಿಕೆ ಸಿಗುತ್ತಿತ್ತು. ಚೌಡಮ್ಮನ ಸೀರೆಗೆ ಬಳೆ ನಡೆಯುವುದಿಲ್ಲ. ನಾನು ನಡೆಯುತ್ತಿದ್ದೆ.

ಹೀಗೆ ನಾನು ಅಪ್ಪನ ಎಡಗಣ್ಣಾದೆ. ನನ್ನ ಬಾಲ್ಯದಲ್ಲಿ ಯಾವುದಾದರೂ ದಿನಗಳನ್ನು ಮತ್ತೆ ಕೊಡುತ್ತೇನೆಂದು ಯಾರಾದರೂ ಬಂದರೆ ನಾನು ಆ ಎರಡು ತಿಂಗಳನ್ನೇ ಕೇಳಿಕೊಳ್ಳುತ್ತೇನೆ, ಬೇರೇನೂ ಬೇಡ. ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ, ಗುಂಡಿಯ ಅಂಚಿನಲ್ಲಿ ಅಪ್ಪನಿಗೆ ತಾಗಿಕೊಂಡು ಕೂರುವುದು. ಕಿಟಕಿಯ ಬೆಳಕು ಅರಿಶಿನದ ಬಣ್ಣದ ಹಾಸಿನ ಮೇಲೆ ಬಿದ್ದು ನಮ್ಮಿಬ್ಬರ ಮುಖಕ್ಕೂ ಹಳದಿ ಬಳಿಯುತ್ತಿತ್ತು. ಅಪ್ಪನ ಬೆವರು, ಗಂಜಿಯ ವಾಸನೆ, ಒಳಗಿನಿಂದ ಹುರುಳಿ ಬೇಯುವ ವಾಸನೆ. ಒಂದು ಬುಟ್ಟದ ಸಾಲು ಮುಗಿದಾಗ ಅಪ್ಪ ಹಲಗೆ ನಿಲ್ಲಿಸಿ, ನನ್ನ ಕಡೆ ತಿರುಗದೆ ಕೇಳುತ್ತಿದ್ದರು: ವಟ್ಟವಾಗಿ ಇದೆಯಾ ಅಮ್ಮಣಿ? ನಾನು ಬಗ್ಗಿ, ಎದ್ದು, ಆ ಬದಿ ಈ ಬದಿ ಹೋಗಿ ನೋಡಿ, ಇದೆ ಎನ್ನುತ್ತಿದ್ದೆ. ಇಲ್ಲವೇ, ಕೊಂಚ ಗಟ್ಟಿ ಬಡಿಯಪ್ಪ ಎನ್ನುತ್ತಿದ್ದೆ. ಅವರು ಒಂದು ಸಲವೂ ನಿಜವಾಗಿಯಾ ಎಂದು ಮರಳಿ ಕೇಳಿದ್ದಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯ ಮನುಷ್ಯ ಹನ್ನೆರಡು ವರ್ಷದ ಹುಡುಗಿಯ ಮಾತಿನ ಮೇಲೆ ಹಲಗೆ ಬಡಿಯುತ್ತಿದ್ದರು. ಅಷ್ಟು ನಂಬಿಕೆ ಆಮೇಲೆ ನನಗೆ ಯಾರಿಂದಲೂ ಸಿಕ್ಕಿಲ್ಲ, ಕಟ್ಟಿಕೊಂಡ ಗಂಡನಿಂದಲೂ.

ಸೀರೆ ಅರ್ಧ ದಾಟಿದಾಗ ಕೊಯಮತ್ತೂರಿನಲ್ಲಿ ಶಾಲಾ ಮಕ್ಕಳ ಚಿತ್ರಸ್ಪರ್ಧೆ ಬಂತು. ಮೇಷ್ಟ್ರು ನನ್ನನ್ನು ಆರಿಸಿದ್ದರು. ಬೆಳಿಗ್ಗೆ ಏಳರ ಬಸ್ಸು. ಆವತ್ತು ಅವ್ವ ನನಗೆ ಎರಡು ಜಡೆ ಹಾಕುತ್ತಿದ್ದಳು, ಒಂದು ಮುಗಿದಿತ್ತು, ಒಂದು ಬಾಕಿ, ಹೊರಗೆ ಮೇಷ್ಟ್ರು ಕರೆಯುತ್ತಿದ್ದರು. ಮಗ್ಗದಿಂದ ಅಪ್ಪ ಕೂಗಿದರು. ಹೊಸ ನೂಲಿನ ಕಟ್ಟು ಶುರುಮಾಡಿದ್ದೇನೆ, ಬಡಿತ ಬೇರೆ ಬೇಕೋ ಏನೋ, ಮೊದಲ ಸಾಲು ಬಂದಿದೆ, ಒಂದು ಸಲ ನೋಡಿ ಹೇಳಿ ಹೋಗು ಎಂದರು. ನಾನು ಜಡೆ ಹಿಡಿದುಕೊಂಡೇ ಹೊಸ್ತಿಲವರೆಗೆ ಬಂದೆ. ಒಳಗೆ ಹೆಜ್ಜೆ ಇಡಲಿಲ್ಲ. ಮಗ್ಗದ ಕಡೆ ಕತ್ತನ್ನೂ ಹೊರಳಿಸಲಿಲ್ಲ. ನನ್ನ ಕಣ್ಣು ಬೀದಿಯ ತುದಿಯಲ್ಲಿ ಬಸ್ಸು ಬಂತೇ ಎಂದು ನೋಡುತ್ತಿತ್ತು.

“ಇದೆ ಅಪ್ಪ. ವಟ್ಟವಾಗೇ ಇದೆ.”

ಹಲಗೆಯ ಸದ್ದು ಆಗಲೇ ಶುರುವಾಯಿತು. ಬಸ್ಸು ಹತ್ತುವವರೆಗೂ ನನಗೆ ಅದು ಕೇಳುತ್ತಿತ್ತು.

ಸಂಜೆ ಒಂದು ಸರ್ಟಿಫಿಕೇಟು, ಒಂದು ಬಣ್ಣದ ಪೆಟ್ಟಿಗೆ ಹಿಡಿದು ಮನೆಗೆ ಬಂದೆ. ಅಪ್ಪ ಕೈಕಾಲು ತೊಳೆಯಲು ಹಿಂದೆ ಹೋಗಿದ್ದರು. ಮಗ್ಗದ ಮೇಲೆ ಆ ದಿನದ ಬಟ್ಟೆಯಲ್ಲಿ ಸುತ್ತಿಕೊಳ್ಳದೆ ಉಳಿದದ್ದು ಒಂದು ಗೇಣು. ಅದರಲ್ಲಿ ಎರಡು ಸಾಲು ಕಾಸು, ಎರಡೂ ಮೊಟ್ಟೆ. ಬೆಳಿಗ್ಗೆಯಿಂದ ನೇಯ್ದದ್ದೆಲ್ಲ ಹೀಗೆಯೇ ಇರಬೇಕು. ಇಡೀ ದಿನ ಅವರು ನನ್ನ ಒಂದು ಮಾತಿಗೆ ಕೈ ಹೊಂದಿಸಿಕೊಂಡು ಬಡಿದಿದ್ದರು. ಹೇಳಬಹುದಿತ್ತು. ಹೇಳಿದರೆ ಏನು ಬಂತು, ಬಿಚ್ಚುವಂತಿಲ್ಲವಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಮಾರನೆಯ ದಿನ ಪಕ್ಕ ಕುಳಿತು, ಇವತ್ತು ಕೊಂಚ ಗಟ್ಟಿ ಬಡಿಯಪ್ಪ ಎಂದಷ್ಟೇ ಹೇಳಿದೆ. ಅಪ್ಪ ತಲೆಯಾಡಿಸಿ ಗಟ್ಟಿಯಾಗಿ ಬಡಿದರು. ಕಾಸು ಮತ್ತೆ ದುಂಡಗಾಯಿತು. ಮೊಟ್ಟೆಗಳು ಸುರುಳಿಯೊಳಗೆ ಹೋಗಿ ಅಡಗಿ ಕುಳಿತವು.

ಸೀರೆ ಕತ್ತರಿಸುವ ದಿನ ಬೀದಿಯ ಹಿರಿಯರೆಲ್ಲ ನಮ್ಮ ಮನೆಗೆ ಬಂದರು. ಮುಖ್ಯಸ್ಥರಿಗೆ ನಾವು ಸೆಟ್ಟಿಗಾರರು ಎನ್ನುತ್ತಿದ್ದೆವು. ತೆಳ್ಳಗೆ ಉದ್ದಕ್ಕಿದ್ದ ಮುದುಕರು, ಅವರೂ ನೇಯ್ದೇ ಮುದುಕರಾದವರು. ಜಗಲಿಯ ಮೇಲೆ ಚಾಪೆ ಹಾಸಿ ಸೀರೆ ಬಿಡಿಸಿದರು. ಅವ್ವ ಮೂರು ದಿನದಿಂದ ಮನೆ ಸಾರಿಸಿದ್ದಳು, ಅಜ್ಜಿ ಪೆಟ್ಟಿಗೆಯ ತಳದಿಂದ ತಾತನ ಅಂಗವಸ್ತ್ರ ತೆಗೆದು ಅಪ್ಪನ ಹೆಗಲಿಗೆ ಹಾಕಿದ್ದಳು. ಸೆಟ್ಟಿಗಾರರು ಸೀರೆಯ ಉದ್ದಕ್ಕೂ ನಿಧಾನವಾಗಿ ನಡೆದು ಬಂದರು. ಒಂದು ಕಡೆ ನಿಂತರು. ಮತ್ತೆ ನಡೆಯಲಿಲ್ಲ. ಇನ್ನೊಬ್ಬರು ಬಂದು ಅಲ್ಲೇ ಬಗ್ಗಿದರು. ನಡುವೆ ಒಂದು ಮೊಳಕ್ಕಿಂತ ಹೆಚ್ಚು ಉದ್ದ, ಕಾಸುಗಳೆಲ್ಲ ಎಳೆದಂತೆ ಮಲಗಿದ್ದವು. ನೆಲದ ಮೇಲೆ ಹಾಸಿ ಮೇಲಿನಿಂದ ನೋಡಿದರೆ ಕುರುಡರಿಗೂ ಕಾಣುವಂತಿತ್ತು. ಇದೇನಪ್ಪ ಹೀಗೆ ಎಂದು ಸೆಟ್ಟಿಗಾರರು ಕೇಳಿದರು, ಸಿಟ್ಟಿನಿಂದಲ್ಲ, ನೋವಿನಿಂದ.

ಅಪ್ಪ ಬಂದು ಮಂಡಿಯೂರಿ ಆ ಕಾಸುಗಳನ್ನು ಬೆರಳಿನಿಂದ ತಡವಿದರು. ಯಾವ ದಿನದ ನೇಯ್ಗೆ ಎಂದು ಅವರಿಗೆ ತಿಳಿಯದೆ ಇರಲಿಲ್ಲ; ಹೊಸ ನೂಲಿನ ಕಟ್ಟು ಅಲ್ಲೇ ಶುರುವಾಗಿತ್ತು. ತಲೆಯೆತ್ತಿ ನನ್ನನ್ನು ನೋಡಿದರು. ಒಂದೇ ಸಲ. ನಾನು ಕಂಬದ ಹಿಂದೆ ನಿಂತಿದ್ದೆ. ಈಗ ಹೇಳುತ್ತಾರೆ ಎಂದುಕೊಂಡೆ. ಹೇಳಲಿ ಎಂದೂ ಬಯಸಿದೆ. ಅಪ್ಪ ಎದ್ದು ನಿಂತು ಸೆಟ್ಟಿಗಾರರ ಕಡೆ ತಿರುಗಿದರು.

“ತಪ್ಪು ತರೀದಲ್ಲಂಗ, ಪಾವಿಂದೂ ಅಲ್ಲ. ನಂಗೆ ಎಡಗಣ್ಣು ತೆರಿಯಲ್ಲ. ಎಷ್ಟೋ ತಿಂಗ್ಳಾಯ್ತು. ಹೇಳ್ದೆ ತರಿ ಮೇಲೆ ಕೂತದ್ದು ನಂದೇ ತಪ್ಪು.”

ಅವ್ವ ಕಾಫಿಯ ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಅಪ್ಪನ ಹತ್ತಿರ ಬಂದಳು. ಅಜ್ಜಿ ಗೋಡೆಗೆ ಒರಗಿ ಕುಳಿತಳು, ಆ ದಿನ ಆಕೆಯ ಬಾಯಿಂದ ಒಂದು ಗಾದೆಯೂ ಬರಲಿಲ್ಲ. ಹಿರಿಯರು ತಮ್ಮತಮ್ಮೊಳಗೆ ಮಾತಾಡಿಕೊಂಡರು. ಕಟ್ಟಳೆಯ ಪ್ರಕಾರ ನೇಯ್ದದ್ದನ್ನು ಬಿಚ್ಚುವಂತಿಲ್ಲ ಎಂದ ಮೇಲೆ ಒಪ್ಪಿಸದೆ ಇರುವಂತೆಯೂ ಇಲ್ಲ, ಇದೇ ಸೀರೆ ಅಮ್ಮನಿಗೆ ಎಂದು ತೀರ್ಮಾನವಾಯಿತು. ಸೆಟ್ಟಿಗಾರರು ಹೋಗುವಾಗ ಅಪ್ಪನ ತೋಳು ಹಿಡಿದು, ಕಣ್ಣಿನ ಡಾಕ್ಟರಿಗೆ ತೋರಿಸು ಎಂದರು. ಅವ್ವ ಮಾರನೆಯ ದಿನವೇ ಕೊಯಮತ್ತೂರಿಗೆ ಕರೆದುಕೊಂಡು ಹೋದಳು. ಒಳಗಿನ ನರ ಒಣಗಿದೆ, ಎಡಗಣ್ಣು ಬರುವುದಿಲ್ಲ, ಬಲಗಣ್ಣಿಗೆ ದಿನಾ ಔಷಧಿ ಬಿಟ್ಟು ಉಳಿಸಿಕೊಳ್ಳಿ ಎಂದರಂತೆ. ವಾಪಸು ಬಂದ ಸಂಜೆ ಅಪ್ಪ ತಾವೇ ಏಣಿ ಹಾಕಿ ಜಕಾರ್ಡ್ ಪೆಟ್ಟಿಗೆಯನ್ನು ಇಳಿಸಿದರು. ಮೇಲೆ ಖಾಲಿಯಾದ ಮಗ್ಗ ಬೋಳಾಗಿ ಕಂಡಿತು. ಇನ್ನು ಪಂಚೆ, ಟವೆಲು ಸಾಕು, ಅದಕ್ಕೆ ದುಂಡೂ ಬೇಡ ಚಪ್ಪಟೆಯೂ ಬೇಡ ಎಂದು ನಗಲು ನೋಡಿದರು. ನಾನು ಸಹಾಯಕ್ಕೆ ಹೋದರೆ ಬೇಡವೆನ್ನಲಿಲ್ಲ. ರಟ್ಟುಗಳನ್ನು ನನ್ನ ಕೈಗೇ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಆ ಬೆಳಗಿನ ಬಗ್ಗೆ ಅವರು ಅವ್ವನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನನ್ನ ಪಾಲಿನ ತಪ್ಪನ್ನು ತಮ್ಮ ಕಣ್ಣಿನ ಲೆಕ್ಕಕ್ಕೆ ಸೇರಿಸಿ ಮುಗಿಸಿಬಿಟ್ಟಿದ್ದರು.

ಸೀರೆ ಉಡಿಸುವ ದಿನ ಗುಡಿಯಲ್ಲಿ ಗಂಡಸರ ಸಾಲು ದೇವರ ಎದುರಿಗೆ, ಹೆಂಗಸರದು ಎಡಗಡೆಗೆ. ನಾನು ಅವ್ವನ ಮುಂದೆ ನಿಂತು ಕಣ್ಣು ಮುಚ್ಚಿಕೊಂಡಿದ್ದೆ, ನೋಡುವ ಧೈರ್ಯವಿರಲಿಲ್ಲ. ಪರದೆ ಸರಿಯಿತು, ಗಂಟೆ ಬಾರಿಸಿದರು, ಯಾರೋ ಹಿಂದಿನಿಂದ ತಳ್ಳಿದರು, ಕಣ್ಣು ತೆರೆಯಿತು. ಅರಿಶಿನದ ಸೀರೆ ಅಮ್ಮನ ಸೊಂಟ ಬಳಸಿ ಹಿಂದಕ್ಕೆ ತಿರುಗುವಲ್ಲಿ ಆ ಒಂದು ಮೊಳ ಬಂದು ಕೂತಿತ್ತು. ನಾವು ನಿಂತಲ್ಲಿಂದ ಬಟ್ಟೆ ಓರೆಯಾಗಿ ಆಚೆಗೆ ಹೊರಳುತ್ತಿತ್ತು. ಕಾಸಿನ ಉದ್ದವೆಲ್ಲ ಆ ಹೊರಳಿನಲ್ಲಿ ಕುಗ್ಗಿ, ದೀಪದ ಬೆಳಕಿನಲ್ಲಿ ಒಂದೊಂದು ಕಾಸೂ ಟಂಕಿಸಿಟ್ಟಂತೆ ದುಂಡಗೆ ಕಾಣುತ್ತಿತ್ತು. ಎದುರು ಭಾಗದ ಸರಿಯಾದ ಕಾಸುಗಳೇ ಅಲ್ಲಿಂದ ಇಕ್ಕಟ್ಟಾಗಿ ಕಂಡವು. ನಾನು ಒಂದು ಕಣ್ಣು ಮುಚ್ಚಿ ನೋಡಿದೆ, ಎರಡೂ ತೆರೆದು ನೋಡಿದೆ, ತಲೆ ಓಲಾಡಿಸಿ ನೋಡಿದೆ. ದುಂಡಗಿತ್ತು. ಸುಳ್ಳಲ್ಲ.

ಮಂಗಳಾರತಿ ಮುಗಿಯುವವರೆಗೆ ಕಾಯಲು ನನ್ನಿಂದ ಆಗಲಿಲ್ಲ. ಹೆಂಗಸರ ಕಾಲುಗಳ ನಡುವೆ ನುಸುಳಿ ಅಪ್ಪನ ಬಳಿ ಓಡಿದೆ. ಅವರು ಗಂಡಸರ ಸಾಲಿನ ಕೊನೆಯಲ್ಲಿ, ಕಂಬಕ್ಕೆ ಒರಗಿ, ತಲೆ ತಗ್ಗಿಸಿ ನಿಂತಿದ್ದರು. ಕೈ ಹಿಡಿದೆಳೆದೆ. ಬಾ ಅಪ್ಪ, ಆ ಕಡೆಯಿಂದ ನೋಡು, ಎಲ್ಲ ವಟ್ಟವಾಗಿದೆ, ಅಮ್ಮನಾಣೆ, ಒಂದೂ ಉದ್ದವಿಲ್ಲ ಎಂದೆ. ಗಂಡಸರು ಹೆಂಗಸರ ಕಡೆಗೆ ಹೋಗುವಂತಿರಲಿಲ್ಲ. ಅಪ್ಪ ನನ್ನ ಮುಖವನ್ನು ಬಲಗಣ್ಣಿನಿಂದ ನೋಡಲು ಕತ್ತು ಸ್ವಲ್ಪ ಹೊರಳಿಸಿದರು. ಸಿಟ್ಟಿರಲಿಲ್ಲ. ಕೈಯನ್ನು ನನ್ನ ತಲೆಯ ಮೇಲಿಟ್ಟರು.

“ಆಗ್ಲಿ ಅಮ್ಮಣಿ. ನಂಗೋಸ್ಕರ ಇನ್ನು ಹಾಗೆ ಹೇಳ್ಬೇಡ.”

ನಾನು ಅಳುತ್ತ ಇನ್ನೊಮ್ಮೆ ಹೇಳಿದೆ. ಅವರು ನನ್ನ ಕಣ್ಣೊರೆಸಿದರು. ನಂಬಲಿಲ್ಲ.